ಕಲನ್ ವೈದ್ಯರ ಪತ್ರಗಳು: ಒಂದು ಜಾಲತಾಣವನ್ನು ಬಳಸಿ ನೋಡಿದ ಬಗ್ಗೆ

ಚಿಕ್ಕಮಗಳೂರಿನ ಈ ಸಲದ ಮಳೆಯಲ್ಲಿ ಹೊರಗೆ ಕಾಲಿಡಲಾಗದೆ ಕುಳಿತಿದ್ದ ಮೂರು ವಾರ ನಾನು ಬಿಡದೆ ಬಳಸಿದ ಒಂದು ಉಚಿತ ಸೇವೆಯ ಬಗ್ಗೆ ಬರೆಯುತ್ತಿದ್ದೇನೆ. ಹದಿನೆಂಟನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೊ ನಗರದಲ್ಲಿದ್ದ ವೈದ್ಯ ವಿಲಿಯಂ ಕಲನ್ (1710–1790) ಅವರಿಗೆ ದೂರದ ಊರುಗಳ ರೋಗಿಗಳು ಬರೆದ ಪತ್ರಗಳನ್ನೂ ಅವುಗಳಿಗೆ ಅವರು ಕೊಟ್ಟ ಉತ್ತರಗಳನ್ನೂ ಅಲ್ಲಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ ಸಂಸ್ಥೆ ಕಾಪಾಡಿಕೊಂಡು ಬಂದಿದೆ. ಗ್ಲಾಸ್ಗೋ ವಿಶ್ವವಿದ್ಯಾಲಯದ ತಂಡವೊಂದು ಆ ಸಾವಿರಾರು ಹಾಳೆಗಳ ಕೈಬರಹವನ್ನು ಬಿಡಿಸಿ ಓದಿ, ಮೂಲ ಹಾಳೆಗಳ ಚಿತ್ರಗಳ ಸಮೇತ ‘ಕಲನ್ ಪ್ರಾಜೆಕ್ಟ್’ ಎಂಬ ಜಾಲತಾಣದಲ್ಲಿ ಎಲ್ಲರಿಗೂ ಸಿಗುವಂತೆ ಇಟ್ಟಿದೆ.

ನನಗೆ ಇದರಲ್ಲಿ ಆಸಕ್ತಿ ಹುಟ್ಟಲು ಕಾರಣ ನಮ್ಮ ಅಜ್ಜಿ. ಎಪ್ಪತ್ತರ ದಶಕದಲ್ಲಿ, ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ, ಅಜ್ಜಿಯ ಹೊಟ್ಟೆಯುರಿಗೆ ಘಟ್ಟದ ಕೆಳಗಿನ ವೈದ್ಯರೊಬ್ಬರಿಂದ ಔಷಧ ತರಿಸುತ್ತಿದ್ದರು. ವೈದ್ಯರು ಅಜ್ಜಿಯನ್ನು ಒಮ್ಮೆಯೂ ನೋಡಿರಲಿಲ್ಲ. ಇಲ್ಲಿಂದ ಇನ್‌ಲ್ಯಾಂಡ್ ಲೆಟರ್ ಹೋಗುತ್ತಿತ್ತು, ಅಲ್ಲಿಂದ ಗುಳಿಗೆ ಮತ್ತು ಅರಿಷ್ಟ ವಿ.ಪಿ.ಯಲ್ಲಿ ಬರುತ್ತಿದ್ದವು. ಪೋಸ್ಟ್‌ಮ್ಯಾನಿಗೆ ದುಡ್ಡು ಕೊಟ್ಟು ಪಾರ್ಸೆಲ್ ಬಿಡಿಸಿಕೊಂಡರೆ ಮುಂದಿನ ಎರಡು ತಿಂಗಳಿಗೆ ಚಿಂತೆಯಿರಲಿಲ್ಲ. ಕಾಗದ ಬರೆಯುವ ಕೆಲಸ ನನ್ನದು. ‘ಪೂಜ್ಯ ವೈದ್ಯರಿಗೆ ಸಾಷ್ಟಾಂಗ ನಮಸ್ಕಾರಗಳು, ಇಲ್ಲಿ ನಾವೆಲ್ಲರೂ ಕ್ಷೇಮ’ ಎಂದು ಶುರುಮಾಡಿ, ಮರುಸಾಲಿನಿಂದಲೇ ಅಜ್ಜಿಯ ಕಾಯಿಲೆಗಳನ್ನು ಒಂದೊಂದಾಗಿ ಬರೆಯುತ್ತಿದ್ದೆ. ಒಮ್ಮೆ ವೈದ್ಯರು ನಾಲಿಗೆಯ ಬಣ್ಣ ತಿಳಿಸಿರೆಂದು ಕೇಳಿದ್ದರು. ಊಟವಾದ ಮೇಲೆ ಜಗಲಿಯಲ್ಲಿ ಕುಳಿತಿದ್ದ ಅಜ್ಜಿಯ ಬಾಯಿಗೆ ಟಾರ್ಚ್ ಬಿಟ್ಟು ನೋಡಿ, ‘ಚೆನ್ನಾಗಿ ಕೆಂಪಗಿದೆ’ ಎಂದು ಬರೆದು ಅಂಟಿಸಿ ಕಳಿಸಿದೆ. ಹತ್ತು ದಿನಕ್ಕೆ ಬಂದ ಉತ್ತರದಲ್ಲಿ ಔಷಧದ ಮಾತೇ ಇರಲಿಲ್ಲ. ‘ಅಮ್ಮನವರು ಎಲೆಯಡಿಕೆ ಹಾಕುವವರೇ? ಹಾಗಿದ್ದರೆ ಬೆಳಿಗ್ಗೆ ಬಾಯಿ ತೊಳೆದ ಮೇಲೆ ನೋಡಿ ಇನ್ನೊಮ್ಮೆ ಬರೆಯುವುದು’ ಎಂದಷ್ಟೇ ಇತ್ತು.

ಆಯುರ್ವೇದದಲ್ಲಿ ರೋಗಿಯನ್ನು ಪರೀಕ್ಷಿಸಲು ದರ್ಶನ, ಸ್ಪರ್ಶನ, ಪ್ರಶ್ನ ಎಂದು ಮೂರು ದಾರಿಗಳನ್ನು ಹೇಳುತ್ತಾರೆ. ಅಂಚೆಯಲ್ಲಿ ವೈದ್ಯನಿಗೆ ಉಳಿಯುವುದು ಮೂರನೆಯದು ಮಾತ್ರ, ಅದೂ ನನ್ನಂಥ ಬರೆಯುವವನ ಕೈ ದಾಟಿ ಬರಬೇಕು. ಈ ಜಾಲತಾಣದಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಇದೇ ವಿಷಯ. ಕಲನ್ ಅವರಿಗೆ ಬಂದ ಪತ್ರಗಳನ್ನು ರೋಗಿಗಳೇ ಬರೆದದ್ದುಂಟು, ಗಂಡನೋ ತಂದೆಯೋ ಬರೆದದ್ದುಂಟು, ಊರಿನ ಸರ್ಜನ್ ಅಥವಾ ಔಷಧ ಮಾರುವವನು ಬರೆದದ್ದೂ ಉಂಟು. ಯಾರು ಬರೆದರೆಂಬುದರ ಮೇಲೆ ಕಾಯಿಲೆಯ ಚಹರೆಯೇ ಬದಲಾಗುತ್ತದೆ. ಸರ್ಜನ್ ಬರೆದಲ್ಲಿ ಎಷ್ಟು ಸಲ ರಕ್ತ ತೆಗೆದೆ, ಏನು ಕೊಟ್ಟೆ ಎಂಬ ಲೆಕ್ಕ ಮುಂದಿರುತ್ತದೆ. ರೋಗಿಯೇ ಬರೆದಲ್ಲಿ ನಿದ್ದೆ, ಭಯ, ಊಟ ಮತ್ತು ಮಲಬದ್ಧತೆಗಳದ್ದೇ ಪುರಾಣ. ಸ್ಟೆತಸ್ಕೋಪ್ ಬಂದದ್ದು 1816ರಲ್ಲಿ. ಅದಕ್ಕೆ ಮೊದಲು ಎದುರಿಗೆ ಕುಳಿತ ವೈದ್ಯನೂ ರೋಗಿಯ ಮಾತನ್ನೇ ಬಹಳವಾಗಿ ನಂಬಬೇಕಿದ್ದುದರಿಂದ, ಪತ್ರದ ಮೂಲಕ ಚಿಕಿತ್ಸೆ ಆಗಿನವರಿಗೆ ಈಗ ನಮಗೆ ಕಾಣುವಷ್ಟು ವಿಚಿತ್ರವಾಗಿ ಕಂಡಿರಲಾರದು. ಸ್ವಿಟ್ಜರ್ಲೆಂಡಿನ ಲೋಸಾನ್ ಊರಿನ ವೈದ್ಯ ಟಿಸ್ಸೋ ಎಂಬವರಂತೂ 1761ರಲ್ಲಿ ಜನಸಾಮಾನ್ಯರಿಗಾಗಿ ಬರೆದ ಆರೋಗ್ಯದ ಪುಸ್ತಕದಲ್ಲಿ, ವೈದ್ಯರಿಗೆ ತಿಳಿಸಬೇಕಾದ ಸಂಗತಿಗಳನ್ನು ಪ್ರಶ್ನೆಗಳ ಪಟ್ಟಿಯನ್ನಾಗಿಯೇ ಕೊಟ್ಟಿದ್ದರು. ನಾಲಿಗೆ ನೋಡುವ ಮೊದಲು ನನಗೂ ಅಂಥದ್ದೊಂದು ಪಟ್ಟಿ ಸಿಕ್ಕಿದ್ದರೆ ಒಂದು ಇನ್‌ಲ್ಯಾಂಡ್ ಉಳಿಯುತ್ತಿತ್ತು.

ಉತ್ತರಗಳನ್ನು ಓದಿ ಔಷಧಗಳ ಬಗ್ಗೆ ಯಾರಿಗೂ ಭಕ್ತಿ ಹುಟ್ಟಲಿಕ್ಕಿಲ್ಲ. ರಕ್ತ ತೆಗೆಸುವುದು, ಚರ್ಮದ ಮೇಲೆ ಬೊಕ್ಕೆ ಎಬ್ಬಿಸುವುದು, ಭೇದಿಗೆ ಕೊಡುವುದು ಇವೇ ಮತ್ತೆ ಮತ್ತೆ ಬರುತ್ತವೆ. ಆದರೆ ಏನು ತಿನ್ನಬೇಕು, ಚಳಿಯಲ್ಲಿ ಮೈ ಹೇಗೆ ಬೆಚ್ಚಗಿಟ್ಟುಕೊಳ್ಳಬೇಕು, ಕುದುರೆ ಸವಾರಿ ಎಷ್ಟು ಮಾಡಬೇಕು ಎಂದು ಕಲನ್ ಬರೆಯುವಾಗ ನಮ್ಮ ಪಥ್ಯ ಹೇಳುವ ಹಿರಿಯರ ಧಾಟಿಯೇ ಕೇಳಿಸುತ್ತದೆ. ಇಲ್ಲೊಂದು ಅಡ್ಡಮಾತು: ಕಲನ್ ಅವರ ಔಷಧಶಾಸ್ತ್ರದ ಗ್ರಂಥವನ್ನು 1790ರಲ್ಲಿ ಜರ್ಮನ್ ಭಾಷೆಗೆ ತರುತ್ತಿದ್ದ ಹಾನೆಮನ್ ಎಂಬ ಜರ್ಮನ್ ವೈದ್ಯರು, ಸಿಂಕೋನಾ ತೊಗಟೆ ಜ್ವರವನ್ನು ಹೇಗೆ ಇಳಿಸುತ್ತದೆಂಬ ವಿವರಣೆಯನ್ನು ಒಪ್ಪದೆ ತಾನೇ ಅದನ್ನು ತಿಂದು ನೋಡಿದರು, ಹೋಮಿಯೋಪತಿ ಹುಟ್ಟಿದ್ದು ಆ ತಕರಾರಿನಿಂದ. ಮಲೆನಾಡಿನ ಮನೆಮನೆಯಲ್ಲಿ ಸಿಗುವ ಆ ಬಿಳಿ ಸಕ್ಕರೆ ಗುಳಿಗೆಗಳ ಮೂಲವನ್ನು ಹುಡುಕುತ್ತ ಹೋದರೂ ಈ ವೈದ್ಯರ ಮನೆ ಬಾಗಿಲು ಸಿಗುತ್ತದೆ.

ಬಳಕೆಯ ವಿಷಯಕ್ಕೆ ಬಂದರೆ, ಪ್ರತಿ ಪತ್ರಕ್ಕೂ ಮೂಲ ಹಾಳೆಯ ಚಿತ್ರವಿದೆ, ಜೊತೆಗೆ ಅಚ್ಚಿನ ಅಕ್ಷರಗಳ ಪಾಠವಿದೆ. ಹೊಡೆದುಹಾಕಿದ ಪದಗಳನ್ನೂ ಹಾಗೆಯೇ ಉಳಿಸಿಕೊಂಡ ಪಾಠವನ್ನೇ ಓದಿ ಎಂದು ನನ್ನ ಸಲಹೆ. ಒಬ್ಬ ಮನುಷ್ಯ ತನ್ನ ನೋವಿಗೆ ಪದ ಹುಡುಕಿ, ಬೇಡವೆಂದು ಹೊಡೆದು, ಇನ್ನೊಂದನ್ನು ಬರೆಯುವುದು ಅಲ್ಲಿ ಕಣ್ಣಿಗೇ ಕಾಣುತ್ತದೆ. ಕೊರತೆಗಳೂ ಇವೆ. ಭಾಷೆ ಇನ್ನೂರೈವತ್ತು ವರ್ಷ ಹಿಂದಿನ ಇಂಗ್ಲಿಷ್ ಆದ್ದರಿಂದ ಪದಕೋಶ ಪಕ್ಕದಲ್ಲಿರಬೇಕು. ಚಿತ್ರಗಳು ನಮ್ಮ ನೆಟ್‌ವರ್ಕಿಗೆ ಭಾರ; ಕರೆಂಟು ಹೋಗಿ ಟವರ್ ಮಲಗಿದ ದಿನ ಸುಮ್ಮನಿರುವುದೇ ಲೇಸು. ಇನ್ನು, ಬರೆದವರಲ್ಲಿ ಉಳ್ಳವರೇ ಹೆಚ್ಚು. ಕೂಲಿಯವರ ಹೊಟ್ಟೆಯುರಿ ಎಡಿನ್‌ಬರೊ ತಲುಪುವುದು ಅಪರೂಪವಾಗಿತ್ತು, ಆದರೆ ಇದು ಜಾಲತಾಣದ ತಪ್ಪಲ್ಲ.

ಈ ಸಂಗ್ರಹದ ನಿಜವಾದ ಬೆಲೆ ಇರುವುದು ಎರಡೂ ಕಡೆಯ ಮಾತು ಒಟ್ಟಿಗೆ ಸಿಗುವುದರಲ್ಲಿ. ಬಂದ ಪತ್ರವನ್ನು ಇಟ್ಟುಕೊಳ್ಳುವುದು ಸುಲಭ, ತಾನು ಕಳಿಸಿದ್ದು ಕೈಬಿಟ್ಟು ಹೋಗುತ್ತದೆ. ಕಲನ್ ಮೊದಲು ಬರೆಕಾರರಿಂದ ನಕಲು ಮಾಡಿಸುತ್ತಿದ್ದರು. ಉಗಿಯಂತ್ರದಿಂದ ಹೆಸರಾದ ಜೇಮ್ಸ್ ವಾಟ್ 1780ರಲ್ಲಿ ಪತ್ರ ನಕಲಿಸುವ ಒತ್ತುಯಂತ್ರಕ್ಕೆ ಪೇಟೆಂಟ್ ಪಡೆದ ಮರುವರ್ಷವೇ ಕಲನ್ ಅದನ್ನು ಬಳಸತೊಡಗಿದರು. ವಿಶೇಷ ಶಾಯಿಯಲ್ಲಿ ಬರೆದ ಪತ್ರದ ಮೇಲೆ ಒದ್ದೆ ಮಾಡಿದ ತೆಳುಹಾಳೆಯನ್ನಿಟ್ಟು ಒತ್ತಿದರೆ ಅಕ್ಷರಗಳು ತಿರುಗುಮುರುಗಾಗಿ ಮೂಡುತ್ತವೆ, ಹಾಳೆ ತೆಳುವಾದ್ದರಿಂದ ಹಿಂಬದಿಯಿಂದ ನೇರವಾಗಿ ಓದಬಹುದು. ಕಲೆಕಲೆಯಾದ ಆ ಹಾಳೆಗಳ ಚಿತ್ರಗಳನ್ನು ದೊಡ್ಡದು ಮಾಡಿ ನೋಡುತ್ತ ನಾನು ಕಳೆದ ಸಂಜೆಗಳಿಗೆ ಲೆಕ್ಕವಿಲ್ಲ.

ಅಜ್ಜಿ ವೈದ್ಯರ ಉತ್ತರಗಳನ್ನೆಲ್ಲ ತೊಲೆಗೆ ನೇತುಹಾಕಿದ ಕಾಗದದ ತಂತಿಗೆ ಚುಚ್ಚಿಡುತ್ತಿದ್ದರು. ಒಲೆಯ ಹೊಗೆ ಹಿಡಿದು ಕಂದಾದ ಏಳು ಕಾಗದಗಳು ಈಗ ನನ್ನ ಬಳಿ ಇವೆ. ಅದರಲ್ಲೊಂದು, ‘ತಾವು ಬರೆದ ಎರಡನೆಯ ವಿಷಯಕ್ಕೆ ಗಾಬರಿಯಾಗುವ ಕಾರಣವಿಲ್ಲ’ ಎಂದು ಶುರುವಾಗುತ್ತದೆ. ಎರಡನೆಯ ವಿಷಯ ಏನಿತ್ತೆಂದು ಬರೆದ ನನಗೇ ನೆನಪಿಲ್ಲ.