ಇಳಕಲ್ ಮಗ್ಗದ ಮುಂದೆ ಮೂರು ಫಾರ್ಮ್ಯಾಟ್‌ಗಳು: ಎಡಿಟಿಂಗ್‌ಗೆ ಯಾವುದು ಹಗುರ?

ಇಳಕಲ್ಲಿನ ನೇಕಾರರೊಬ್ಬರ ಮನೆಯಲ್ಲಿ ಸೀರೆ ನೇಯ್ಗೆಯನ್ನು ಚಿತ್ರೀಕರಿಸುವಾಗ, ಕ್ಯಾಮೆರಾದ ಯಾವ ಫಾರ್ಮ್ಯಾಟ್ ನನ್ನ ಆರು ವರ್ಷದ ಹಳೆಯ ಲ್ಯಾಪ್‌ಟಾಪ್‌ಗೆ ಒಗ್ಗುತ್ತದೆಂದು ತಿಳಿಯಲು, ಒಂದೇ ಮಗ್ಗವನ್ನು ಹತ್ತು ಹತ್ತು ನಿಮಿಷ ಮೂರು ಬಗೆಯಲ್ಲಿ ರೆಕಾರ್ಡ್ ಮಾಡಿದೆ. ಮೂರರಲ್ಲೂ 4ಕೆ, ಸೆಕೆಂಡಿಗೆ 25 ಫ್ರೇಮ್, ಷಟರ್ ವೇಗ 1/50 ಸೆಕೆಂಡ್. ನಮ್ಮ ವಿದ್ಯುತ್ತು 50 ಹರ್ಟ್ಸ್ ಇರುವುದರಿಂದ ಟ್ಯೂಬ್‌ಲೈಟಿನ ಬೆಳಕಿನಲ್ಲಿ 1/60 ಇಟ್ಟರೆ ಚಿತ್ರ ಮಿಣುಕುವ ಸಂಭವವಿದೆ.

ಮೊದಲನೆಯದು ಎಚ್.265 (ವಿಡಿಯೊವನ್ನು ಕುಗ್ಗಿಸಿಡುವ ಒಂದು ವಿಧಾನ), 10 ಬಿಟ್ (ಬಣ್ಣದ ಛಾಯೆಗಳ ಸೂಕ್ಷ್ಮತೆ), 4:2:2 (ಎರಡು ಪಿಕ್ಸೆಲ್‌ಗೆ ಒಂದು ಬಣ್ಣದ ಮಾದರಿ), ಸೆಕೆಂಡಿಗೆ 100 ಮೆಗಾಬಿಟ್. ಹತ್ತು ನಿಮಿಷಕ್ಕೆ 7.5 ಜಿಬಿ. ಬಣ್ಣ ಚೆನ್ನಾಗಿತ್ತು, ಆದರೆ ಲಾಳಿ ದಾಟುವ ಕ್ಷಣದಲ್ಲೇ ಕತ್ತರಿಸಲು ಹೋದರೆ ಚಿತ್ರ ತಡವಾಗಿ ಬರುತ್ತಿತ್ತು. ಈ ಕಡತದಲ್ಲಿ ಪೂರ್ಣ ಚಿತ್ರ ಆಗೊಮ್ಮೆ ಈಗೊಮ್ಮೆ ಮಾತ್ರ ಇದ್ದು, ನಡುವಿನ ಫ್ರೇಮ್‌ಗಳಲ್ಲಿ ಬದಲಾದ ಅಂಶವಷ್ಟೇ ದಾಖಲಾಗಿರುತ್ತದೆ. ಹೀಗಾಗಿ ಒಂದು ಫ್ರೇಮ್ ತೋರಿಸಲು ಅಕ್ಕಪಕ್ಕದವನ್ನೂ ಬಿಡಿಸಬೇಕಾಗುತ್ತದೆ (ಡಿಕೋಡ್ ಮಾಡಬೇಕಾಗುತ್ತದೆ). 4:2:2 ಎಚ್.265 ಅನ್ನು ಬಿಡಿಸುವ ಹಾರ್ಡ್‌ವೇರ್ ನನ್ನ ಲ್ಯಾಪ್‌ಟಾಪ್‌ನಲ್ಲಿಲ್ಲ, ಆ ಭಾರವೆಲ್ಲ ಪ್ರೊಸೆಸರ್ ಮೇಲೆ ಬಿತ್ತು.

ಎರಡನೆಯದು ಎಚ್.264 (ಎಚ್.265ಕ್ಕಿಂತ ಹಳೆಯ ವಿಧಾನ), 8 ಬಿಟ್, 4:2:0, ಅದೇ 100 ಮೆಗಾಬಿಟ್. ಇದಕ್ಕೆ ಬೇಕಾದ ಹಾರ್ಡ್‌ವೇರ್ ಹಳೆಯ ಯಂತ್ರಗಳಲ್ಲೂ ಇರುವುದರಿಂದ ಎಡಿಟಿಂಗ್ ಸಲೀಸಾಗಿ ನಡೆಯಿತು. ಆದರೂ ನನಗೆ ಸಮಾಧಾನವಾಗಲಿಲ್ಲ. ಇಳಕಲ್ ಸೀರೆಯ ಹೆಚ್ಚುಗಾರಿಕೆ ಇರುವುದೇ ಒಡಲಿನ ಹಾಸು ಎಳೆಗಳನ್ನು ಸೆರಗಿನ ಹಾಸಿಗೆ ಕೊಂಡಿ ಹಾಕಿ ಸೇರಿಸುವುದರಲ್ಲಿ. ಆ ಕೂಡುವಿಕೆಯನ್ನು ಹಿಗ್ಗಿಸಿ ನೋಡಿದಾಗ ಕೆಂಪು ಎಳೆಗಳು ಒಂದರೊಳಗೊಂದು ಕದಡಿ ಕಂಡವು. 4:2:0 ನಲ್ಲಿ ನಾಲ್ಕು ಪಿಕ್ಸೆಲ್‌ಗೆ ಒಂದೇ ಬಣ್ಣದ ಮಾದರಿ ಇರುತ್ತದೆ. ಒಂದೊಂದೇ ಎಳೆ ಎಣಿಸಿ ಕೊಂಡಿ ಹಾಕುವ ಕೈಗಳ ಕೆಲಸವನ್ನು ಹೀಗೆ ಮಸುಕಾಗಿ ತೋರಿಸುವುದು ನನಗೆ ಸರಿಯೆನಿಸದು.

ಮೂರನೆಯದು ಎಚ್.264 ಆಲ್-ಇಂಟ್ರಾ, 10 ಬಿಟ್, 4:2:2, 250 ಮೆಗಾಬಿಟ್. ಪ್ರತಿ ಫ್ರೇಮೂ ಸ್ವತಂತ್ರ ಚಿತ್ರವಾದ್ದರಿಂದ ಹಿಂದಕ್ಕೂ ಮುಂದಕ್ಕೂ ತಡೆಯಿಲ್ಲದೆ ಸರಿಸಬಹುದಾಗಿತ್ತು, ಎಳೆಗಳೂ ಬಿಡಿಬಿಡಿಯಾಗಿ ಕಂಡವು. ಆದರೆ ಹತ್ತು ನಿಮಿಷಕ್ಕೆ 18.75 ಜಿಬಿ ಬೇಕಾಯಿತು. ಅಲ್ಲದೆ ವಿ30 ವೇಗದರ್ಜೆಯ ಮೆಮೊರಿ ಕಾರ್ಡ್ ಖಾತರಿ ಕೊಡುವುದು ಸೆಕೆಂಡಿಗೆ 30 ಮೆಗಾಬೈಟ್ ವೇಗಕ್ಕೆ ಮಾತ್ರ, ಇದಕ್ಕೆ 31.25 ಬೇಕು, ನನ್ನ ಮೊದಲ ಟೇಕ್ ಅರ್ಧಕ್ಕೇ ನಿಂತಿತು. ವಿ60 ಕಾರ್ಡ್ ಹಾಕಿದ ಮೇಲೆ ಆ ತೊಂದರೆ ಬರಲಿಲ್ಲ.

ಊರಿಗೆ ಮರಳಿ, ಎಚ್.265 ಕಡತಕ್ಕೆ 1080 ಅಳತೆಯ ಪ್ರೋರೆಸ್ ಪ್ರಾಕ್ಸಿ (ಎಡಿಟಿಂಗ್‌ಗೆಂದೇ ಮಾಡುವ ಹಗುರ ನಕಲು) ಮಾಡಿಕೊಂಡೆ. ಮೂರು ಜಿಬಿಗೂ ಕಡಿಮೆಯ ಆ ಪ್ರತಿಯಲ್ಲಿ ಕೆಲಸ ಸರಾಗವಾಯಿತು, ಕೊನೆಯ ವಿಡಿಯೊ ಮೂಲ ಕಡತದಿಂದಲೇ ಹೊರಬಂತು. ಜೊತೆಗೆ ಮೊಬೈಲಿನಲ್ಲಿ ತೆಗೆದಿದ್ದ ತುಣುಕುಗಳಲ್ಲಿ ಫ್ರೇಮ್ ದರ ಏರಿಳಿದು ಧ್ವನಿ ಜಾರುತ್ತಿದ್ದರಿಂದ ಅವನ್ನು ಮೊದಲೇ 25ಕ್ಕೆ ಸ್ಥಿರಗೊಳಿಸಬೇಕಾಯಿತು.

ಈಗ ನೇಕಾರರ ಮಾತುಕತೆಯಂತಹ ದೀರ್ಘ ಭಾಗಗಳನ್ನು ಎಚ್.265 ನಲ್ಲಿ ಹಿಡಿದು ರಾತ್ರಿಯೇ ಪ್ರಾಕ್ಸಿಗೆ ಹಾಕುತ್ತೇನೆ. ಕೊಂಡಿ ಹಾಕುವ ಹೊತ್ತಿಗೆ ಕಾರ್ಡ್ ಬದಲಿಸಿ ಆಲ್-ಇಂಟ್ರಾಗೆ ಹೋಗುತ್ತೇನೆ.