ಕೊಯ್ಲಿನ ಕಾಲಕ್ಕೆ 100 ಲೀಟರಿನ ಡೀಪ್ ಫ್ರೀಜರ್: ತಗೋಬಹುದಾ?

ಕಾಫಿ ಕೊಯ್ಲು ಶುರುವಾದರೆ ನಮ್ಮ ಕಡೆ ಅಡುಗೆ ಮಾಡೋಕೆ ಯಾರಿಗೂ ಪುರುಸೊತ್ತಿಲ್ಲ. ಅರೇಬಿಕಾ ಮುಗಿಯಿತು ಅನ್ನುವಷ್ಟರಲ್ಲಿ ರೋಬಸ್ಟಾ ಹಣ್ಣಾಗಿರುತ್ತದೆ. ಸಂಜೆ ಹಣ್ಣು ತೂಕ ಹಾಕಿಸಿ, ಆಳುಗಳ ಲೆಕ್ಕ ಬರೆದು ಒಳಗೆ ಬರುವ ಹೊತ್ತಿಗೆ ಕತ್ತಲು. ಅದಕ್ಕೇ ಹೋದ ವರ್ಷ ಕೊಯ್ಲಿಗೆ ಮುಂಚೆ ಚಿಕ್ಕಮಗಳೂರಿನ ಅಂಗಡಿಯೊಂದರಿಂದ ಈ ಫ್ರೀಜರ್ ತಂದೆವು. ಮೇಲಿಂದ ಬಾಗಿಲು ತೆರೆಯುವ ಪೆಟ್ಟಿಗೆ ಥರದ್ದು. ಐಸ್‌ಕ್ರೀಮ್ ಅಂಗಡಿಯಲ್ಲಿ ಇರುತ್ತದಲ್ಲ, ಅದರ ತಮ್ಮ.

ಅತ್ತೆ ನೋಡಿದವರೇ ಕೇಳಿದ್ದು, "ಏನೇ, ತಂಗಳು ಇಡೋಕೆ ಇಷ್ಟು ದೊಡ್ಡ ಪೆಟ್ಟಿಗೆ ಬೇಕಿತ್ತಾ?"

ಅಂಗಡಿಯವರ ಸೇವೆಗೆ ನಾನು ಪಾಸ್ ಮಾರ್ಕ್ಸ್ ಕೂಡ ಕೊಡಲ್ಲ. ಮನೆ ತನಕ ಡೆಲಿವರಿ ಅಂದವರು ಮೂಡಿಗೆರೆ ಮುಟ್ಟಿದ ಮೇಲೆ ಎಸ್ಟೇಟ್ ರಸ್ತೆಗೆ ಗಾಡಿ ಇಳಿಸಲ್ಲ ಅಂದರು. ಕೊನೆಗೆ ನಮ್ಮ ಜೀಪಿನಲ್ಲೇ ತಂದದ್ದು. ಸ್ಟೆಬಿಲೈಜರ್ ಬೇಡ ಅಂತಲೂ ಹೇಳಿದ್ದರು. ನಮ್ಮ ಲೈನಿನ ವೋಲ್ಟೇಜ್ ನಮಗೆ ಗೊತ್ತಲ್ವಾ, ಹಾಕಿಸಿಕೊಂಡೆವು.

ಪೆಟ್ಟಿಗೆ ಮಾತ್ರ ಗಟ್ಟಿ. ತಣ್ಣನೆ ಗಾಳಿ ಭಾರ, ಕೆಳಗೇ ಕೂರುತ್ತದೆ. ಹಾಗಾಗಿ ಮೇಲಿನ ಬಾಗಿಲು ತೆಗೆದರೂ ತಂಪು ಅಷ್ಟು ಬೇಗ ಆಚೆ ಹೋಗುವುದಿಲ್ಲ. ಫ್ರಿಜ್ಜಿನ ಮೇಲಿರುವ ಪುಟ್ಟ ಫ್ರೀಜರಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಮೈನಸ್ 18 ಡಿಗ್ರಿಗೆ ಇಟ್ಟರೆ ಅಡುಗೆ ಎರಡು ಮೂರು ತಿಂಗಳು ರುಚಿ ಕೆಡದೆ ಇರುತ್ತದೆ.

ಆದರೆ ಏನು ಬೇಯಿಸಿ ಇಡುತ್ತೀರಿ ಅನ್ನುವುದರ ಮೇಲೆ ಈ ದುಡ್ಡು ದಂಡವೋ ಸಾರ್ಥಕವೋ ನಿಂತಿದೆ. ನಮ್ಮನೇಲಿ ಗೆದ್ದದ್ದು ಒಂದೇ ಪಾತ್ರೆಯಲ್ಲಿ ಬೇಯುವ ಅಡುಗೆಗಳು. ಮೊದಲನೇ ಸ್ಥಾನ ಬಿಸಿಬೇಳೆಬಾತಿಗೆ. ಅದರಲ್ಲಿ ಅನ್ನ ಹೇಗೂ ಬೇಳೆ ಜೊತೆ ಕರಗಿರುತ್ತದೆ, ಹಾಗಾಗಿ ಫ್ರೀಜರಿನಲ್ಲಿ ಕೆಡಲು ಏನೂ ಉಳಿದಿರಲ್ಲ. ಬೀನ್ಸ್, ಕ್ಯಾರೆಟ್, ಬಟಾಣಿ, ನವಿಲುಕೋಸು ಹಾಕಿ. ಆಲೂಗಡ್ಡೆ ಬೇಡವೇ ಬೇಡ. ಹೆಪ್ಪುಗಟ್ಟಿ ಕರಗಿದ ಮೇಲೆ ಅದು ನೀರು ಬಿಟ್ಟು ಮರಳು ಮರಳಾಗುತ್ತದೆ. ಬಾತನ್ನು ಸ್ವಲ್ಪ ತೆಳ್ಳಗೇ ಇಳಿಸಿ, ಆಮೇಲೆ ಗಟ್ಟಿಯಾಗುತ್ತದೆ. ತುಪ್ಪದ ಒಗ್ಗರಣೆ, ಗೋಡಂಬಿ ತಿನ್ನುವ ದಿನಕ್ಕೇ ಇರಲಿ.

ಎರಡನೆಯದು ಅವರೆಕಾಳು ಹುಳಿ. ಕೊಯ್ಲೂ ಅವರೆಕಾಯಿಯೂ ಒಟ್ಟಿಗೇ ಬರುತ್ತವೆ, ಆಗ ಸುಲಿಯುತ್ತಾ ಕೂರೋಕೆ ಯಾರಿದ್ದಾರೆ? ಒಂದು ಭಾನುವಾರ ಎಲ್ಲರೂ ಸೇರಿ ಸುಲಿದು, ದೊಡ್ಡ ಕುಕ್ಕರಿನಲ್ಲಿ ಬೇಯಿಸಿಬಿಡುತ್ತೇವೆ. ಕಾಳು, ಬೇಳೆ ನೊರೆ ಉಕ್ಕುವುದರಿಂದ ಕುಕ್ಕರನ್ನು ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ. ಹಸಿ ತೆಂಗಿನಕಾಯಿ ರುಬ್ಬಿ ಹಾಕಿದರೆ ಕರಗಿಸುವಾಗ ಒಡೆದಂತೆ ಕಾಣುತ್ತದೆ. ಅದಕ್ಕೆ ಕಾಳಿಗೆ ಉಪ್ಪು ಖಾರ ಮಾತ್ರ ಹಾಕಿ ಇಡುತ್ತೇನೆ, ಕಾಯಿ ಆಮೇಲೆ. ಹುರುಳಿಕಾಳು ಸಾರು, ಕೋಳಿ ಸಾರು ಎರಡೂ ಚೆನ್ನಾಗಿ ಬರುತ್ತವೆ. ಮಜ್ಜಿಗೆ ಹುಳಿಯನ್ನು ಇದರ ಹತ್ತಿರಕ್ಕೂ ತರಬೇಡಿ.

ಅನ್ನ ಇರುವ ಅಡುಗೆಯನ್ನು ಒಲೆ ಮೇಲೇ ತಣಿಯಲು ಬಿಡಬಾರದು. ಬೆಚ್ಚಗಿನ ಅನ್ನದಲ್ಲಿ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತದೆ, ಆಮೇಲೆ ಬಿಸಿ ಮಾಡಿದರೂ ಅದು ಬಿಟ್ಟ ವಿಷ ಹೋಗಲ್ಲ. ಅಗಲ ತಟ್ಟೆಗಳಲ್ಲಿ ಹರಡಿ, ಫ್ಯಾನ್ ಹಾಕಿ, ಆರಿದ ಕೂಡಲೇ ಡಬ್ಬಕ್ಕೆ. ಎರಡು ಗಂಟೆಯೊಳಗೆ ಎಲ್ಲಾ ಒಳಗೆ ಹೋಗಿರಬೇಕು. ನೀರು ಹೆಪ್ಪುಗಟ್ಟಿದಾಗ ಹಿಗ್ಗುತ್ತದೆ, ಡಬ್ಬದ ಮೇಲೆ ಒಂದು ಬೆರಳಷ್ಟು ಜಾಗ ಬಿಡಿ. ಹೋಟೆಲ್ ಪಾರ್ಸೆಲಿನ ತೆಳು ಡಬ್ಬಗಳು ಈ ಚಳಿಗೆ ಪಟ್ಟಂತ ಸೀಳುತ್ತವೆ. ಸುಮ್ನೆ ಉಳಿತಾಯ ಮಾಡೋಕೆ ಹೋಗಬೇಡಿ.

ತಿನ್ನುವ ದಿನ ಡಬ್ಬ ಬೋರಲು ಹಾಕಿ ನಲ್ಲಿ ನೀರು ಬಿಟ್ಟರೆ ಅಂಚು ಕರಗಿ ಬಾತಿನ ಇಟ್ಟಿಗೆ ಹಾಗೇ ಜಾರುತ್ತದೆ. ಪಾತ್ರೆಯಲ್ಲಿ ಒಂದು ಲೋಟ ಬಿಸಿನೀರಿಟ್ಟು ಅದರಲ್ಲಿ ಕೂರಿಸಿ, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಬಿಡಿ. ಸುತ್ತಲೂ ಕರಗಿ ನಡುವೆ ಬಿಳೀ ಗಡ್ಡೆ ಉಳಿಯುತ್ತದೆ. ಆಗಲೇ ಸೌಟು ಹಾಕಿ ತಿರುವಿದರೆ ತರಕಾರಿ ಎಲ್ಲಾ ಮುದ್ದೆ. ಗಡ್ಡೆ ತಾನಾಗಿ ಕುಸಿಯುವ ತನಕ ಕಾದು, ಆಮೇಲೆ ಚೆನ್ನಾಗಿ ಕುದಿಸಿ. ಮೇಲೆ ಒಗ್ಗರಣೆ ಬಿದ್ದರೆ ನೆಂಟರಿಗೂ ಬಡಿಸಬಹುದು. ಬಡಿಸಿದ್ದೇವೆ, ಯಾರಿಗೂ ಹೇಳಿಲ್ಲ.

ಮಲೆನಾಡಿನವರು ಕೇಳುವ ಪ್ರಶ್ನೆ ಒಂದೇ, ಕರೆಂಟ್ ಹೋದರೆ? ತುಂಬಿದ ಪೆಟ್ಟಿಗೆ ಬಾಗಿಲು ತೆಗೆಯದಿದ್ದರೆ ಹೆಚ್ಚುಕಮ್ಮಿ 48 ಗಂಟೆ ತಡೆಯುತ್ತದೆ, ಅರ್ಧ ತುಂಬಿದ್ದರೆ 24. ಹಾಗಾಗಿ ಖಾಲಿ ಜಾಗಕ್ಕೆ ನೀರಿನ ಬಾಟಲಿ ತುರುಕಿದ್ದೇನೆ. ಒಂದು ಲೋಟ ನೀರು ಹೆಪ್ಪುಗಟ್ಟಿಸಿ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟಿದ್ದೇನೆ. ನಾಣ್ಯ ತಳಕ್ಕೆ ಇಳಿದಿದ್ದರೆ ನಾವಿಲ್ಲದಾಗ ಎಲ್ಲಾ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ, ಅಂಥ ಅಡುಗೆ ಚೆಲ್ಲುವುದೇ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದಾಗ ಪೆಟ್ಟಿಗೆ ಮೇಲೆ ಕಂಬಳಿ ಹೊದಿಸುವವರು ಅತ್ತೆಯೇ. ಪೆಟ್ಟಿಗೆಯ ತುಂಬ ಈಗ ಅವರದೇ ಹುರುಳಿ ಸಾರು.

ಕೊರತೆಗಳೂ ಇವೆ. ಒಳಗೆ ಲೈಟಿಲ್ಲ. ಹಿಮ ಕೂತ ಮೇಲೆ ಸಾರು, ಹುಳಿ, ಬಾತು ಎಲ್ಲಾ ಒಂದೇ ಬಣ್ಣ, ಟಾರ್ಚ್ ಹಿಡಿದು ಚೀಟಿ ಓದಬೇಕು. ಅಡಿಯಲ್ಲಿರುವ ಡಬ್ಬಕ್ಕೆ ಸೊಂಟ ಬಗ್ಗಿಸಬೇಕು, ಕೊಟ್ಟ ತಂತಿ ಬುಟ್ಟಿ ಒಂದೇ. ಮಳೆಗಾಲದ ತೇವಕ್ಕೆ ಗೋಡೆಗೆ ಐಸ್ ಬೇಗ ಕಟ್ಟುತ್ತದೆ, ಆಫ್ ಮಾಡಿ ಕರಗಿಸಿ ತೆಗೆಯಬೇಕು, ಚಾಕು ಹಾಕಿ ಕೆರೆಯಬಾರದು. ಆ ನೀರು ಬಿಡುವ ತೂತು ಎಷ್ಟು ಕೆಳಗಿದೆ ಅಂದರೆ ಅದರಡಿ ಊಟದ ತಟ್ಟೆ ಬಿಟ್ಟು ಬೇರೇನೂ ಹಿಡಿಸಲ್ಲ. ನಾವು ಪೆಟ್ಟಿಗೆಯನ್ನು ಎರಡು ಸಿಮೆಂಟ್ ಇಟ್ಟಿಗೆ ಮೇಲೆ ಏರಿಸಿದ್ದೇವೆ. ತರುವ ದಿನವೇ ಏರಿಸಿಬಿಡಿ, ತುಂಬಿದ ಮೇಲೆ ನಾಲ್ಕು ಜನ ಬೇಕು.