ಹೋಮ್ ಅಲೋನ್: ಐದು ವರ್ಷದವರಿಗೆ ಬೇಡ, ಎಂಟು ವರ್ಷದವರ ಪಕ್ಕ ನೀವೂ ಕೂಡಿ

ಕ್ರಿಸ್‌ಮಸ್ ರಜೆ ಬಂತೆಂದರೆ ಒಬ್ಬರಲ್ಲ ಒಬ್ಬರು ಹೇಳೇ ಹೇಳುತ್ತಾರೆ, ಮಕ್ಕಳಿಗೆ ‘ಹೋಮ್ ಅಲೋನ್’ ಹಚ್ಚಿಕೊಡಿ, ಬಹಳ ಮಜಾ ಇದೆ ಅಂತ. ಮಜಾ ಇರುವುದು ಖರೆ. 1990ರ ಸಿನಿಮಾ, ಕ್ರಿಸ್ ಕೊಲಂಬಸ್ ನಿರ್ದೇಶನ, 103 ನಿಮಿಷ. ಬೆಳಗಾವಿಯ ವಡಗಾವಿಯಲ್ಲಿರುವ ನಮ್ಮ ಮನೆಯಲ್ಲಿ ನೋಡಲು ಕೂತವರು ತಂಗಿಯ ಮೂವರು ಮಕ್ಕಳು, ಹನ್ನೊಂದು, ಎಂಟು, ಐದು ವರ್ಷದವರು. ಜೊತೆಗೆ ಹೊಲಿಗೆ ಮಷೀನ್ ಬಿಟ್ಟು ಎದ್ದು ಬಂದ ನಾನು.

ಕಥೆ ಗೊತ್ತಿಲ್ಲದವರಿಗೆ: ಶಿಕಾಗೋ ಹತ್ತಿರದ ಒಂದು ದೊಡ್ಡ ಮನೆ. ಇಡೀ ಬಳಗ ಪ್ಯಾರಿಸ್‌ಗೆ ಹೊರಡುವ ಗಡಿಬಿಡಿಯಲ್ಲಿ ಅಟ್ಟದ ಮೇಲೆ ಮಲಗಿದ್ದ ಎಂಟು ವರ್ಷದ ಕೆವಿನ್‌ನನ್ನು ಮರೆತು ಹೋಗುತ್ತದೆ. ವಿಮಾನ ಏರಿದ ಮೇಲೆ ಅವನ ಅವ್ವನಿಗೆ ನೆನಪಾಗುತ್ತದೆ. ಇತ್ತ ಖಾಲಿ ಮನೆಗಳನ್ನು ದೋಚುವ ಹ್ಯಾರಿ, ಮಾರ್ವ್ ಎಂಬ ಇಬ್ಬರು ಕಳ್ಳರಿಗೆ ಈ ಮನೆಯ ಮೇಲೆ ಕಣ್ಣು.

ಅಮೆರಿಕದಲ್ಲಿ ಇದಕ್ಕೆ ಪಿಜಿ ಸರ್ಟಿಫಿಕೇಟ್, ಅಂದರೆ ಹಿರಿಯರು ನೋಡಿಕೊಂಡು ತೋರಿಸಬೇಕು. ನಮ್ಮಲ್ಲಿ 2021ರಿಂದ ಒಟಿಟಿಗೆ, 2024ರಿಂದ ಥಿಯೇಟರಿಗೂ ಇಂಥದೇ ಯು/ಎ ಸರ್ಟಿಫಿಕೇಟನ್ನು ವಯಸ್ಸಿನ ಪ್ರಕಾರ 7+, 13+, 16+ ಎಂದು ಒಡೆದಿದ್ದಾರೆ. ಒಳ್ಳೆಯದೇ ಆಯಿತು. ಆದರೆ ನಿಮ್ಮ ಮನೆಯ ಕೂಸು ಯಾವುದಕ್ಕೆ ಹೆದರುತ್ತದೆ ಅಂತ ಆ ಅಂಕಿ ಹೇಳುವುದಿಲ್ಲ.

ನಮ್ಮ ಸಣ್ಣವನು ಕಳ್ಳರಿಗೆ ಹೆದರಲೇ ಇಲ್ಲ. ಬೆಳಗಾದ ಮೇಲೆ ಕೆವಿನ್ ಖಾಲಿ ಮನೆಯ ತುಂಬ ಎಲ್ಲರನ್ನೂ ಹುಡುಕುತ್ತ ತಿರುಗುತ್ತಾನಲ್ಲ, ಅಲ್ಲಿ ನನ್ನ ಸೆರಗು ಹಿಡಿದ. “ದೊಡ್ಡವ್ವ, ಅವರವ್ವ ಬರ್ತಾಳೋ ಇಲ್ಲೋ?” ಬರ್ತಾಳಪ್ಪ ಅಂದೆ. “ಯಾವಾಗ?” ಅವನ ಅವ್ವನೂ ಆಗ ಕೆಲಸದ ಮೇಲೆ ಪುಣೆಗೆ ಹೋಗಿದ್ದಳು. ತೆರೆಯ ಮೇಲಿನ ಹುಡುಗನೋ, ಮನೆ ಖಾಲಿಯಾಯಿತೆಂದು ಮಂಚದ ಮೇಲೆ ಕುಣಿದು ಐಸ್‌ಕ್ರೀಮ್ ಬಾರಿಸುತ್ತಾನೆ. ದೊಡ್ಡವರಿಬ್ಬರೂ ಬಿದ್ದು ಬಿದ್ದು ನಕ್ಕರು. ಇವನ ಮುಖ ಮಾತ್ರ ಸಿನಿಮಾ ಮುಗಿಯುವವರೆಗೂ ಸಡಿಲಾಗಲಿಲ್ಲ. ಐದು ವರ್ಷದವರಿಗೆ ಬೇಡ ಅನ್ನಲು ನನಗೆ ಇದೇ ಮೊದಲ ಕಾರಣ. ಹಿಮ ಬಳಿಯುವ ಸಲಿಕೆ ಹಿಡಿದ ಪಕ್ಕದ ಮನೆಯ ಗಡ್ಡದ ಮುದುಕ, ನೆಲಮಾಳಿಗೆಯಲ್ಲಿ ಬೆಂಕಿ ಉಗುಳುವ ಒಲೆ, ಮಾರ್ವ್‌ನ ಮುಖದ ಮೇಲೆ ಹರಿದಾಡುವ ದೊಡ್ಡ ಜೇಡ, ಇವೆಲ್ಲ ಆಮೇಲಿನ ಮಾತು.

ಎಂಟು ವರ್ಷದವಳಿಗೆ ಸಿನಿಮಾ ಹಿಡಿಸಿತು, ಅವಳ ವಿಷಯದಲ್ಲಿ ಚಿಂತೆ ಬೇರೆ. ಕೊನೆಯ ಅರ್ಧ ತಾಸಿನಲ್ಲಿ ಕೆವಿನ್ ಮನೆತುಂಬ ಬಲೆ ಹೂಡುತ್ತಾನೆ. ಕೆಂಪಗೆ ಕಾಯಿಸಿದ ಬಾಗಿಲ ಹಿಡಿಕೆ, ಮೆಟ್ಟಿಲ ಮೇಲೆ ನೆಟ್ಟಗೆ ನಿಂತ ಮೊಳೆ, ಹಗ್ಗಕ್ಕೆ ಕಟ್ಟಿ ತೂಗಿಬಿಟ್ಟ ಬಣ್ಣದ ಡಬ್ಬಿ. ಕತ್ತಲಲ್ಲಿ ಮಾರ್ವ್ ದೀಪದ ದಾರವೆಂದು ಎಳೆಯುತ್ತಾನೆ, ಮೇಲಿನಿಂದ ಇಸ್ತ್ರಿ ಪೆಟ್ಟಿಗೆ ನೇರ ಮುಖದ ಮೇಲೆ ಬೀಳುತ್ತದೆ. ಮುಖದ ಮೇಲೆ ಪೆಟ್ಟಿಗೆಯ ಗುರುತು ಮೂಡುತ್ತದೆ ಅಷ್ಟೇ, ಮನುಷ್ಯ ಎದ್ದು ಮತ್ತೆ ಮೆಟ್ಟಿಲು ಹತ್ತುತ್ತಾನೆ! ದಿನವೆಲ್ಲ ಇಸ್ತ್ರಿ ಪೆಟ್ಟಿಗೆಯ ಜೊತೆಗೇ ಬದುಕುವ ನನಗೆ ಅಲ್ಲಿ ನಗು ಬರಲಿಲ್ಲ. ಟೇಲರ್ ಅಂಗಡಿಯ ಪೆಟ್ಟಿಗೆಯ ಭಾರ ಎತ್ತಿದವರಿಗೇ ಗೊತ್ತು. ಕಾಟನ್‌ಗೆ ಇಟ್ಟರೆ ಸುಮಾರು 200 ಡಿಗ್ರಿ ಕಾಯುತ್ತದೆ, ಬೆರಳ ತುದಿ ತಾಗಿದರೂ ಬೊಬ್ಬೆ ಏಳುತ್ತದೆ. ಸಿನಿಮಾ ಅಲ್ಲೇ ನಿಲ್ಲಿಸಿದೆ.

“ಯಾಕ ನಿಲ್ಲಿಸಿದಿ?” ಅಂತ ಗಲಾಟೆ. “ಇದು ಮಾರಿ ಮ್ಯಾಲೆ ಬಿದ್ರ ಹಂಗ ಎದ್ದು ಓಡಾಡ್ತಾರೇನು?” ಅಂತ ಟೇಬಲ್ ಮೇಲಿದ್ದ ನನ್ನ ಪೆಟ್ಟಿಗೆ ತೋರಿಸಿ ಕೇಳಿದೆ. ಎಂಟು ವರ್ಷದವಳು ಅದನ್ನೂ ನನ್ನ ಮುಂಗೈ ಮೇಲಿನ ಹಳೆ ಕಲೆಯನ್ನೂ ನೋಡಿದಳು. “ಇಲ್ಲ, ದವಾಖಾನಿಗೆ ಒಯ್ಯಬೇಕಾಗ್ತದ.” ಸಾಕು ಅಂತ ಮತ್ತೆ ಹಚ್ಚಿದೆ. ಪಕ್ಕ ಕೂಡಿ ಅಂದದ್ದು ಇದಕ್ಕೇ. ಸಿನಿಮಾದಲ್ಲಿ ನೆತ್ತರು ಕಾಣುವುದಿಲ್ಲ ಅಂತ ಸಮಾಧಾನ ಮಾಡಿಕೊಳ್ಳುವವರಿದ್ದಾರೆ. ನನಗೆ ಅದೇ ದೊಡ್ಡ ತಕರಾರು, ಪೆಟ್ಟಾದದ್ದು ಹುಡುಗರಿಗೆ ತಿಳಿಯುವುದೇ ಇಲ್ಲ.

ಮರುದಿನ ಬ್ಲೌಸ್ ಒಯ್ಯಲು ಬಂದ ಗಿರಾಕಿಯ ಕಾಲಿಗೆ ಹೊಸ್ತಿಲಲ್ಲಿ ದಾರ ಸಿಕ್ಕಿತು. ನನ್ನದೇ ರೀಲಿನ ದಾರ, ಕೆವಿನ್‌ನಂತೆ ನಮ್ಮ ಹುಡುಗರು ಹೂಡಿದ ಬಲೆ. ಕಾಟನ್ ಇತ್ತು, ಹರಿಯಿತು, ಆಯಮ್ಮ ನಕ್ಕು ಸುಮ್ಮನಾದರು. ನೈಲಾನ್ ರೀಲುಗಳೆಲ್ಲ ಈಗ ಕಪಾಟಿನ ಮೇಲಿನ ಖಾನೆಯಲ್ಲಿವೆ.

ಇಷ್ಟು ಹೇಳಿದೆನೆಂದು ಸಿನಿಮಾ ಕೆಟ್ಟದ್ದು ಅಂದುಕೊಳ್ಳಬೇಡಿ. ಅದೇ ನೆಲಮಾಳಿಗೆಯ ಒಲೆಗೆ ಕೆವಿನ್ ಆಮೇಲೊಮ್ಮೆ, ಬಟ್ಟೆ ಒಗೆಯುತ್ತಿರುವಾಗ, ಸುಮ್ಮನಿರು ಅಂತ ಗದರುತ್ತಾನೆ. ಎಷ್ಟು ಚೆಂದ! ಪಕ್ಕದ ಮನೆಯ ಆ ಮುದುಕ ಮಾರ್ಲಿ ಚರ್ಚಿನಲ್ಲಿ ಅವನ ಪಕ್ಕ ಬಂದು ಕೂತು ಮಗನ ಜೊತೆ ಮಾತು ಬಿಟ್ಟದ್ದನ್ನು ಹೇಳಿಕೊಳ್ಳುವ ಭಾಗ ಹುಡುಗರಿಗಿಂತ ನಮಗೇ ಹೆಚ್ಚು ತಟ್ಟುತ್ತದೆ. ಜಾನ್ ವಿಲಿಯಮ್ಸ್ ಸಂಗೀತ ಅಲ್ಲಿ ಬಹಳ ಹಿತ. ಇನ್ನೊಂದು ಕಡೆ, ಬೆನ್ನು ಹತ್ತಿದ ಕಳ್ಳರ ಕಣ್ಣು ತಪ್ಪಿಸಲು ಕೆವಿನ್ ಚರ್ಚಿನ ಮುಂದಿನ ಗೋದಲಿಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ, ಬೊಂಬೆಗಳ ನಡುವೆ ತಾನೂ ಬೊಂಬೆಯಂತೆ ನಿಲ್ಲುತ್ತಾನೆ. ಕ್ಯಾಂಪ್ ಕಡೆಯ ಚರ್ಚಿನಲ್ಲಿ ಗೋದಲಿ ನೋಡಿ ಬಂದಿದ್ದ ನಮ್ಮ ಹುಡುಗರು, “ಗೋದಲ್ಯಾಗ ಹೊಕ್ಕಾನ!” ಅಂತ ಚೀರಿದರು. ಸಣ್ಣವನೂ ಅಲ್ಲೊಮ್ಮೆ ನಕ್ಕ. ಮಾತೆಲ್ಲ ಇಂಗ್ಲಿಷ್, ಅರ್ಧಕ್ಕರ್ಧ ತಿಳಿಯದಿದ್ದರೂ ಆಟ ತಿಳಿಯುತ್ತದೆ.

ಮೊದಲೇ ಗೊತ್ತಿರಲಿ: ಅಣ್ಣನ ಟ್ರಂಕು ಕೆದಕುವಾಗ ಬೆತ್ತಲೆ ಚಿತ್ರಗಳ ಪತ್ರಿಕೆಯೊಂದು ಹಾದುಹೋಗುತ್ತದೆ. ಕೆವಿನ್ ಟಿವಿಯಲ್ಲಿ ನೋಡುವ ಕಪ್ಪು-ಬಿಳುಪು ಚಿತ್ರದಲ್ಲಿ ಗುಂಡಿನ ಸದ್ದು ಜೋರು. ಚಿಕ್ಕಪ್ಪ, ಅಣ್ಣ ಕೆವಿನ್‌ನನ್ನು ಬೈಯುವ ರೀತಿಯೂ ಚೆನ್ನಾಗಿಲ್ಲ. ಕೊನೆಗೆ ಕಳ್ಳರು ಅವನನ್ನು ಬಾಗಿಲಿಗೆ ನೇತುಹಾಕಿ ಬೆರಳು ಕಚ್ಚುತ್ತೇವೆ ಎಂದು ಹೆದರಿಸುವಾಗ ಸಣ್ಣವರಿದ್ದರೆ ಅಡುಗೆಮನೆಗೆ ಕರೆದುಕೊಂಡು ಹೋಗಿ ಏನಾದರೂ ತಿನ್ನಲು ಕೊಡಿ.

ಹನ್ನೊಂದರವನಿಗೆ ಈಗ 1992ರ ಎರಡನೇ ಭಾಗ ಬೇಕಂತೆ. ಅದರಲ್ಲಿ ಕೆವಿನ್ ಮಾಳಿಗೆ ಮೇಲಿಂದ ಮಾರ್ವ್‌ನ ತಲೆಗೆ ಇಟ್ಟಿಗೆ ಒಗೆಯುತ್ತಾನೆ. ನಮ್ಮ ಮನೆಗೂ ಮಾಳಿಗೆ ಇದೆ, ಪಕ್ಕದ ಓಣಿಯಲ್ಲಿ ಮನೆ ಕಟ್ಟುತ್ತಿದ್ದಾರೆ, ಇಟ್ಟಿಗೆಗೂ ಬರವಿಲ್ಲ. ಈ ರಜೆಗೆ ಬೇಡ ಅಂದಿದ್ದೇನೆ.